ಕಫದ ಡಬ್ಬಿ ಮತ್ತು ಜಿನೀವಾದ ಕುರ್ಚಿ

ಡಾಕ್ಟರಿಕೆ ಓದಿದವರು ರೋಗಿಯ ನಾಡಿ ಬಿಟ್ಟು ಕಡತ ಹಿಡಿದರೆ ನಮ್ಮ ಜನ ಸುಮ್ಮನಿರುವುದಿಲ್ಲ. ‘ಒಂದು ಸೀಟು ಹಾಳು ಮಾಡಿದ್ರಲ್ಲ, ಗುಮಾಸ್ತಿಕೆ ಮಾಡೋಕೆ ಅಷ್ಟು ಓದಬೇಕಿತ್ತಾ’ ಎನ್ನುತ್ತಾರೆ. ಅದೇ ಕಡತದ ದಾರಿ ವಿಶ್ವ ಆರೋಗ್ಯ ಸಂಸ್ಥೆಯವರೆಗೆ ಮುಟ್ಟಿತೆನ್ನಿ, ಮಾತು ತಿರುಗುತ್ತದೆ. ಜಗತ್ತಿನ ಕಾಯಿಲೆಗೆ ಮದ್ದು ಅರೆದ ಮಹಾತ್ಮರು ಎಂಬ ಧಾಟಿಯಲ್ಲಿ ಅಭಿನಂದನೆಗಳು ಶುರುವಾಗುತ್ತವೆ. ಬೈಗುಳ ಮತ್ತು ಹೊಗಳಿಕೆ ಎರಡರ ಬಗ್ಗೆಯೂ ನನಗೆ ವಿನಯಪೂರ್ವಕವಾದ ತಕರಾರಿದೆ. ಅದನ್ನು ಗಾಳಿಯಲ್ಲಿ ಹೇಳುವ ಬದಲು ಒಬ್ಬ ವೈದ್ಯೆಯ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಅವರು ಕ್ಯಾಥರೀನಾ ಬೋಮೆ. ಜರ್ಮನಿಯವರು, ಮ್ಯೂನಿಕ್‌ನಲ್ಲಿ ವೈದ್ಯಕೀಯ ಓದಿದವರು. ಯೌವನದ ಕೆಲಸ ತಾಂಜಾನಿಯಾದ ಎಂಬೆಯಾ ಎಂಬ ಊರಿನಲ್ಲಿ. ಎಚ್‌ಐವಿ ಮತ್ತು ಕ್ಷಯ ಎರಡೂ ಸೇರಿ ಜನರನ್ನು ಹಣ್ಣು ಮಾಡುತ್ತಿದ್ದ ಕಾಲ ಅದು. ಇಂಥ ರೋಗಿಗಳಿಗೆ ಕೆಮ್ಮಿ ಕಫ ತೆಗೆಯುವ ಶಕ್ತಿಯೂ ಇರುವುದಿಲ್ಲ. ತೆಗೆದ ಕಫದಲ್ಲಿ ರೋಗಾಣು ಕಾಣುವಷ್ಟು ಇರುವುದೂ ಇಲ್ಲ. ಹಾಗಾದರೆ ಮೂತ್ರದಲ್ಲೇ ಕ್ಷಯದ ಗುರುತು ಹುಡುಕಬಹುದೇ ಎಂದು ಪರೀಕ್ಷಿಸಿದ ತಂಡದಲ್ಲಿ ಬೋಮೆ ಮುಂದಿದ್ದರು. ಆ ಪ್ರಬಂಧ 2005ರಲ್ಲಿ ಬಂತು. ಅಲ್ಲಿಂದ ಅವರು ಹೋದದ್ದು ಜಿನೀವಾದ ಫೈಂಡ್ ಸಂಸ್ಥೆಗೆ. ಬಡದೇಶಗಳಿಗೆ ಹೊಂದುವ ರೋಗಪತ್ತೆ ಪರೀಕ್ಷೆಗಳನ್ನು ಹುಡುಕಿ, ಒರೆಗೆ ಹಚ್ಚಿ, ದರ ಚೌಕಾಸಿ ಮಾಡಿ ತಲುಪಿಸಲೆಂದೇ 2003ರಲ್ಲಿ ಹುಟ್ಟಿದ ಸಂಸ್ಥೆ ಅದು. 2013ರಲ್ಲಿ ಅದರ ಮುಖ್ಯಸ್ಥೆಯಾದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರ ಕಚೇರಿಯ ಮುಖ್ಯಸ್ಥೆ, ಆಮೇಲೆ ಸಹಾಯಕ ಮಹಾನಿರ್ದೇಶಕಿ. 2025ರ ಜುಲೈನಲ್ಲಿ ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿಯ ಪ್ರಭಾರವೂ ಅವರ ಹೆಗಲೇರಿತು. ಆ ಕಚೇರಿ ಇರುವುದು ನಮ್ಮ ನವದೆಹಲಿಯಲ್ಲಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲೊಬ್ಬರು ಭಾರತದವರು ಎಂಬುದನ್ನು ನೆನೆದರೆ ಇದು ದೂರದ ಸುದ್ದಿಯೇನಲ್ಲ.

ಬೋಮೆಯವರ ಹೆಸರು ಎಲ್ಲರಿಗೂ ತಿಳಿದದ್ದು ಒಂದು ಯಂತ್ರದ ಜೊತೆಗೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ‘ಸಿಬಿನ್ಯಾಟ್’ ಎಂದು ಕರೆಯುವ ಜೀನ್‌ಎಕ್ಸ್‌ಪರ್ಟ್. ಕ್ಯಾಲಿಫೋರ್ನಿಯಾದ ಸೆಫೈಡ್ ಕಂಪನಿಯ ಸರಕು. 2001ರಲ್ಲಿ ಅಮೆರಿಕದ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಬಂದಾದ ಮೇಲೆ, ಅಂಚೆಯನ್ನು ಜಾಲಾಡುವ ಉಪಕರಣಗಳಲ್ಲಿ ಇದೇ ಕಂಪನಿಯ ತಂತ್ರಜ್ಞಾನ ಸೇರಿಕೊಂಡಿತ್ತು. ಪುಡಿಯಲ್ಲಿ ರೋಗಾಣು ಹುಡುಕಬಲ್ಲದ್ದು ಕಫದಲ್ಲೇಕೆ ಹುಡುಕಬಾರದು? ಕಫಕ್ಕೊಂದು ದ್ರಾವಣ ಬೆರೆಸಿ ಕಾಟ್ರಿಡ್ಜ್‌ಗೆ ಹಾಕಿ ಯಂತ್ರದೊಳಗಿಟ್ಟರೆ ಮುಗಿಯಿತು. ಶಬ್ದತರಂಗದಿಂದ ರೋಗಾಣುವನ್ನು ಒಡೆದು, ಅದರ ಒಂದು ಜೀನಿನ ತುಣುಕನ್ನು ಕೋಟಿಪಟ್ಟು ಬೆಳೆಸಿ, ಹೊಳೆಯುವ ರಾಸಾಯನಿಕಗಳಿಂದ ಗುರುತಿಸುತ್ತದೆ. ಹೊಳೆಯಬೇಕಾದ ಜಾಗದಲ್ಲಿ ಒಂದು ಬಣ್ಣ ಹೊಳೆಯದಿದ್ದರೆ ಆ ರೋಗಾಣು ರಿಫಾಂಪಿಸಿನ್ ಔಷಧಕ್ಕೆ ಬಗ್ಗುವುದಿಲ್ಲ ಎಂದರ್ಥ. ಎಲ್ಲ ಎರಡು ಗಂಟೆಯೊಳಗೆ.

ಲಿಮಾ, ಬಾಕು, ಕೇಪ್‌ಟೌನ್, ಡರ್ಬನ್ ಮತ್ತು ಮುಂಬೈಗಳ 1730 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2010ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಮೊದಲ ಲೇಖಕಿ ಬೋಮೆ. ಸೂಕ್ಷ್ಮದರ್ಶಕದಲ್ಲಿ ಕಂಡ ಕ್ಷಯವನ್ನು ಒಂದೇ ಪರೀಕ್ಷೆಯಲ್ಲಿ ಯಂತ್ರ ಶೇ 98.2ರಷ್ಟು ಹಿಡಿಯಿತು. ಸೂಕ್ಷ್ಮದರ್ಶಕದ ಕಣ್ಣು ತಪ್ಪಿಸಿದ ಕ್ಷಯದಲ್ಲೂ ಶೇ 72.5ರಷ್ಟನ್ನು ಹಿಡಿಯಿತು. ಮೂರೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆಯ ಮುದ್ರೆ ಒತ್ತಿತು. ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ್ದು 1882ರಲ್ಲಿ. ಅಲ್ಲಿಂದ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಬಡದೇಶಗಳ ಪಾಲಿಗೆ ಇದ್ದದ್ದು ಅದೇ ವಿದ್ಯೆ: ಗಾಜಿನ ಪಟ್ಟಿಗೆ ಕಫ ಸವರು, ಬಣ್ಣ ಹಾಕು, ಕಣ್ಣು ಕೀಲಿಸಿ ಕೂರು. ಒಂದು ಮಿಲಿಲೀಟರ್ ಕಫದಲ್ಲಿ ಐದು ಸಾವಿರದಿಂದ ಹತ್ತು ಸಾವಿರ ರೋಗಾಣು ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಆದ್ದರಿಂದ ಆಗಿನ ಸಂಭ್ರಮ ನಕಲಿಯಲ್ಲ. ಔಷಧಕ್ಕೆ ಬಗ್ಗದ ಕ್ಷಯದ ಮಟ್ಟಿಗಂತೂ ನನ್ನ ತಕರಾರೇ ಇಲ್ಲ. ಮೊದಲು ರೋಗಾಣುವನ್ನು ಬೆಳೆಸಿ ನೋಡಲು ವಾರ, ತಿಂಗಳು ಹಿಡಿಯುತ್ತಿತ್ತು. ಅಷ್ಟರಲ್ಲಿ ರೋಗಿ ಕೆಲಸಕ್ಕೆ ಬಾರದ ಮಾತ್ರೆ ನುಂಗುತ್ತ ಮನೆಮಂದಿಗೂ ಅಂಟಿಸುತ್ತಿದ್ದ. ಅದನ್ನು ಎರಡು ಗಂಟೆಗೆ ಇಳಿಸಿದ್ದು ದೊಡ್ಡ ಕೆಲಸ.

ತಕರಾರಿರುವುದು ಮುಂದಿನ ಜಿಗಿತಕ್ಕೆ. ಚೆನ್ನಾಗಿ ಪತ್ತೆಯಾದರೆ ಸಾವು ಕಡಿಮೆಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಅಂದುಕೊಂಡದ್ದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ, ಅವರಿಗೆ ವಂದನೆ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ, ತಾಂಜಾನಿಯಾಗಳ ಚಿಕ್ಕ ಕ್ಲಿನಿಕ್ಕುಗಳಲ್ಲಿ ನಡೆದ ಅಧ್ಯಯನ 2014ರಲ್ಲಿ ಬಂತು. ದಾದಿಯರೇ ಯಂತ್ರವನ್ನು ಚೆನ್ನಾಗಿ ನಡೆಸಬಲ್ಲರು, ಅದೇ ದಿನ ಔಷಧ ಶುರುವಾಗುವವರು ಹೆಚ್ಚುತ್ತಾರೆ ಎಂದು ಅದು ತೋರಿಸಿತು. ಆದರೆ ಎರಡು ತಿಂಗಳ ಹೊತ್ತಿಗೆ ಯಂತ್ರವಿದ್ದ ಕಡೆ, ಇಲ್ಲದ ಕಡೆ ಚಿಕಿತ್ಸೆಯಲ್ಲಿದ್ದವರ ಪ್ರಮಾಣ ಹೆಚ್ಚುಕಡಿಮೆ ಸಮ; ರೋಗಿಗಳ ನರಳಾಟದಲ್ಲೂ ವ್ಯತ್ಯಾಸವಿಲ್ಲ. ಮರುವರ್ಷ ದಕ್ಷಿಣ ಆಫ್ರಿಕಾದ 40 ಕ್ಲಿನಿಕ್ಕುಗಳ ಅಧ್ಯಯನ ಆರು ತಿಂಗಳ ಸಾವನ್ನೇ ಎಣಿಸಿತು. ಯಂತ್ರದ ಕಡೆ ಶೇ 3.9, ಸೂಕ್ಷ್ಮದರ್ಶಕದ ಕಡೆ ಶೇ 5. ಬೇರೆ ಬೇರೆ ಕಾರಣಗಳನ್ನು ಕಳೆದು ಲೆಕ್ಕ ಹಾಕಿದಾಗ ಆ ಅಂತರ ನಿಲ್ಲಲಿಲ್ಲ.

ಯಂತ್ರ ಕೆಟ್ಟದ್ದೆಂದು ಇದರರ್ಥವಲ್ಲ. ಕಫದಲ್ಲಿ ಏನೂ ಕಾಣದಿದ್ದರೂ ರೋಗಿಯ ಮುಖ ನೋಡಿ, ಎಕ್ಸ್‌ರೇ ನೋಡಿ ಮಾತ್ರೆ ಕೊಡುವ ಅನುಭವಿ ವೈದ್ಯರು ಮೊದಲೇ ಅಲ್ಲಿದ್ದರು. ಯಂತ್ರ ಹೇಳಿದ್ದರಲ್ಲಿ ಬಹಳಷ್ಟು ಅವರಿಗೆ ಗೊತ್ತಿತ್ತು. ಇನ್ನೊಂದು ಕಡೆ, ಫಲಿತಾಂಶ ಬಂದರೂ ಅದು ಕೈ ಸೇರುವ ಮುಂಚೆ ಕೆಲವು ರೋಗಿಗಳು ಊರು ಬಿಟ್ಟಿರುತ್ತಿದ್ದರು. ಯಂತ್ರದ ಎರಡು ಗಂಟೆಗೂ ಆಸ್ಪತ್ರೆಯ ಎರಡು ವಾರಕ್ಕೂ ನಂಟಿಲ್ಲ.

ಈ ಪಾಠಕ್ಕೆ ಆಫ್ರಿಕಾಕ್ಕೆ ಹೋಗಬೇಕಾಗಿರಲಿಲ್ಲ, ತುಮಕೂರಿಗೆ ಬಂದಿದ್ದರೆ ಸಾಕಿತ್ತು. ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದಾಗ ದೇಶದ ಮುಂದಿದ್ದ ಪ್ರಶ್ನೆ ರೋಗಪತ್ತೆಯದ್ದೇ. ಶ್ರೀಮಂತ ದೇಶಗಳು ಎಕ್ಸ್‌ರೇ ಯಂತ್ರಗಳನ್ನು ವ್ಯಾನಿನಲ್ಲಿಟ್ಟುಕೊಂಡು ಊರೂರು ತಿರುಗಿ ಎಲ್ಲರ ಎದೆ ಚಿತ್ರ ತೆಗೆಯುತ್ತಿದ್ದವು. ನಾವೂ ಹಾಗೇ ಮಾಡಬೇಕೇ? ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ನಾವೇ ಮನೆಬಾಗಿಲಿಗೆ ಹೋಗಬೇಕು ಎಂಬುದು ಆಗಿನ ಓದಿದವರ ನಂಬಿಕೆ. (ಈಗಿನವರದ್ದೂ ಅದೇ ಎಂದು ನನ್ನ ಗುಮಾನಿ.) ಆ ಸಂಸ್ಥೆಯಲ್ಲಿದ್ದ ದೇಬಬರ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಹುಡುಕಿ, ನಿಮಗೇನಾಗಿದೆ, ಏನು ಮಾಡಿದಿರಿ ಎಂದು ಕೂತು ಕೇಳಿದರು. ಆ ಅಧ್ಯಯನ 1963ರಲ್ಲಿ ಪ್ರಕಟವಾಯಿತು.

ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯಿತ್ತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫ ಕೊಡಿ ಎಂದು ಕೇಳಿದವರಿಲ್ಲ. ತಪ್ಪು ಹಳ್ಳಿಯದ್ದಲ್ಲ, ಮೇಜಿನ ಆಚೆ ಬದಿಯದ್ದು ಎಂದು ಆ ಅಧ್ಯಯನ ಅಷ್ಟು ಮೆಲ್ಲಗೆ, ಅಷ್ಟು ಖಚಿತವಾಗಿ ಹೇಳಿತು. ನಮ್ಮ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ವ್ಯಾನು ಬಿಟ್ಟು, ಕೆಮ್ಮಿಕೊಂಡು ತಾನಾಗಿ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡುವ ದಾರಿ ಹಿಡಿದದ್ದಕ್ಕೆ ಹಿಂದಿದ್ದ ಬಲ ಇದು.

ಆ ದಿನಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಡೇನಿಶ್ ವೈದ್ಯರೊಬ್ಬರು ಸುಮಾರು ಹತ್ತು ವರ್ಷ ದುಡಿದಿದ್ದರು, ಹಾಫ್‌ಡನ್ ಮಾಲರ್. ಮುಂದೆ 1973ರಿಂದ ಹದಿನೈದು ವರ್ಷ ಅವರು ಆ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ ಪ್ರಾಥಮಿಕ ಆರೋಗ್ಯಕ್ಕಾಗಿ ಜಗತ್ತನ್ನು ಒಗ್ಗೂಡಿಸಿದ್ದು ಅವರೇ. ಕ್ಷಯದಿಂದ ಹೊರಟು ಜಿನೀವಾ ಮುಟ್ಟಿದ ಇಬ್ಬರು ವೈದ್ಯರಲ್ಲಿ ಒಬ್ಬರ ಹೆಸರು ಆರೋಗ್ಯ ಕೇಂದ್ರದ ಜೊತೆ, ಇನ್ನೊಬ್ಬರದ್ದು ಯಂತ್ರದ ಜೊತೆ ನಿಂತಿದೆ. ಇದರಲ್ಲಿ ಬೋಮೆಯವರ ತಪ್ಪಿಗಿಂತ ಕಾಲದ ರುಚಿ ಹೆಚ್ಚು ಕಾಣುತ್ತದೆ. ದಾನಿಗಳಿಗೆ ಎಣಿಸಲು ಬರುವ ವಸ್ತು ಬೇಕು. ಯಂತ್ರವನ್ನು ಎಣಿಸಬಹುದು, ಉದ್ಘಾಟಿಸಬಹುದು, ಅದಕ್ಕೆ ಹಾರ ಹಾಕಬಹುದು. ಕಫ ಕೇಳುವ ಅಭ್ಯಾಸಕ್ಕೆ ಹಾರ ಹಾಕುವುದು ಹೇಗೆ?

ಅಭ್ಯಾಸವನ್ನೂ ಎಣಿಸಿದ ಒಂದು ಲೆಕ್ಕವಿದೆ. 2013ರಲ್ಲಿ ಭಾರತದಲ್ಲಿ ಕ್ಷಯವಿದ್ದವರು 27 ಲಕ್ಷ ಎಂದು ಇಟ್ಟುಕೊಂಡು ಅವರೆಲ್ಲ ಎಲ್ಲೆಲ್ಲಿ ಕಳೆದುಹೋದರು ಎಂದು 2016ರ ಒಂದು ಅಧ್ಯಯನ ಜಾಡು ಹಿಡಿಯಿತು. ನೂರು ರೋಗಿಗಳಲ್ಲಿ ಸರ್ಕಾರಿ ವ್ಯವಸ್ಥೆಯ ಪರೀಕ್ಷೆಗೆ ಬಂದವರು 72. ರೋಗ ಪತ್ತೆಯಾದದ್ದು 60 ಜನಕ್ಕೆ. ಚಿಕಿತ್ಸೆಗೆ ಹೆಸರು ಬರೆಸಿದ್ದು 53. ಮುಗಿಸಿದ್ದು 45. ಮುಗಿಸಿ ಒಂದು ವರ್ಷ ರೋಗ ಮರುಕಳಿಸದೆ ಬದುಕಿದ್ದವರು 39.

ಈ ಐದು ಅಂಕಿಗಳನ್ನು ನಾನು ಓದುವುದು ಹೀಗೆ. ಒಟ್ಟು ಕೈತಪ್ಪಿದವರು 61. ಅದರಲ್ಲಿ 28 ಜನ ಸರ್ಕಾರಿ ಕಫದ ಡಬ್ಬಿಯನ್ನೇ ಕಾಣಲಿಲ್ಲ. 21 ಜನ ರೋಗ ಗೊತ್ತಾದ ಮೇಲೆ ಹೋದರು. ಪರೀಕ್ಷೆ ನಡೆದೂ ಪತ್ತೆಯಾಗದೆ ಉಳಿದವರು 12. ಜಗತ್ತಿನ ಅತ್ಯುತ್ತಮ ಯಂತ್ರ ನಾಳೆಯೇ ಪ್ರತಿ ತಾಲ್ಲೂಕಿಗೆ ಬಂದರೂ ಅದು ನೇರವಾಗಿ ಮುಟ್ಟುವುದು ಆ ಹನ್ನೆರಡನ್ನು. ಹನ್ನೆರಡು ಕಡಿಮೆಯಲ್ಲ, 27 ಲಕ್ಷಕ್ಕೆ ಲೆಕ್ಕ ಹಾಕಿದರೆ ಮೂರು ಲಕ್ಷ ಮೀರುತ್ತದೆ. ಆದರೆ ಉಳಿದ 49ಕ್ಕೆ ಅದರ ಬಳಿ ಉತ್ತರವಿಲ್ಲ. ಹತ್ತಿರದಲ್ಲೇ ಯಂತ್ರವಿದ್ದರೆ ಜನ ಹೆಚ್ಚು ಬರುತ್ತಾರೆ, ಬೇಗ ಗೊತ್ತಾದರೆ ಬಿಟ್ಟುಹೋಗುವವರೂ ಕಡಿಮೆಯಾಗುತ್ತಾರೆ ಎಂಬ ವಾದವಿದೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಆಫ್ರಿಕಾದ ಆ ಎರಡು ಅಧ್ಯಯನ ಆ ಆಸೆಗೆ ಹೆಚ್ಚು ನೀರೆರೆಯಲಿಲ್ಲ.

ಹಾಗಾದರೆ ಬೋಮೆಯವರ ಸಾಧನೆ ಇಷ್ಟೇನಾ? ಇಲ್ಲಿಯೇ ನಾನು ಬೈಯುವ ಆ ಮೊದಲ ಗುಂಪಿನವರೊಂದಿಗೆ ಜಗಳಕ್ಕೆ ನಿಲ್ಲುವುದು. ಇಂಥ ವೃತ್ತಿಯಲ್ಲಿ ನಿಜವಾಗಿ ಬೆಲೆಬಾಳುವ ಭಾಗ ಗುಮಾಸ್ತಿಕೆ ಎಂದು ನೀವು ಮೂಗು ಮುರಿಯುವ ಭಾಗವೇ.

ಮೊದಲಿಗೆ ‘ಬೇಡ’ ಎನ್ನುವ ಕೆಲಸ. ಕ್ಷಯಕ್ಕೆ ರಕ್ತಪರೀಕ್ಷೆ ಎಂದು ನಮ್ಮ ಖಾಸಗಿ ಲ್ಯಾಬುಗಳಲ್ಲಿ ಒಂದು ಕಾಲಕ್ಕೆ ಭರ್ಜರಿ ವ್ಯಾಪಾರವಿತ್ತು. ವರ್ಷಕ್ಕೆ ಸುಮಾರು 15 ಲಕ್ಷ ಪರೀಕ್ಷೆ ಎಂದು ಅಂದಾಜು. ಇಲ್ಲದ ರೋಗ ಇದೆ, ಇರುವ ರೋಗ ಇಲ್ಲ ಎನ್ನುತ್ತಿದ್ದ ಪರೀಕ್ಷೆಗಳು ಅವು. ಬರೆದುಕೊಟ್ಟ ವೈದ್ಯರು, ಮಾಡಿದ ಲ್ಯಾಬಿನವರು ಎಲ್ಲರಿಗೂ ಪಾಲಿತ್ತು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ತೂಗಿ ನೋಡಿದ ಮೇಲೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಬಳಸಬೇಡಿ ಎಂದಿತು. 2012ರ ಜೂನಿನಲ್ಲಿ ಭಾರತ ನಿಷೇಧಿಸಿತು. ಯಾವ ಯಂತ್ರವೂ ಉದ್ಘಾಟನೆಯಾಗಲಿಲ್ಲ. ಕಡತ ಓದಬಲ್ಲ ವೈದ್ಯರು ಕೂತು ಮಾಡಿದ ಕೆಲಸ ಇದು. ಇದರ ಶ್ರೇಯ ಬೋಮೆಯೊಬ್ಬರದ್ದಲ್ಲ, ಅನೇಕರದ್ದು. ಆದರೆ ಪರೀಕ್ಷೆಯೊಂದನ್ನು ಮಾರುವವರ ಮಾತು ಕೇಳದೆ ಸ್ವತಂತ್ರವಾಗಿ ಒರೆಗೆ ಹಚ್ಚಬೇಕು ಎಂಬ ಶಿಸ್ತಿಗೇ ಅವರ ಸಂಸ್ಥೆ ಹುಟ್ಟಿದ್ದು.

ಇನ್ನು ದರದ ವಿಷಯ, ಇದು ಸ್ವಲ್ಪ ಕಹಿ. ಕಾಟ್ರಿಡ್ಜ್ ಒಂದಕ್ಕೆ 16.86 ಡಾಲರ್ ಇದ್ದದ್ದು 2012ರ ಆಗಸ್ಟಿನಲ್ಲಿ 9.98ಕ್ಕೆ ಇಳಿಯಿತು. ಕಂಪನಿಯ ದೊಡ್ಡತನ ಎಂದುಕೊಳ್ಳಬೇಡಿ. ಅಮೆರಿಕದ ಸರ್ಕಾರಿ ನೆರವು ಕಾರ್ಯಕ್ರಮಗಳು, ಯುನಿಟೈಡ್, ಗೇಟ್ಸ್ ಪ್ರತಿಷ್ಠಾನ ಸೇರಿ 1.11 ಕೋಟಿ ಡಾಲರ್ ಕಟ್ಟಿದ ಮೇಲೆ ಇಳಿಯಿತು. ಒಳ್ಳೆಯದೇ. ಆದರೆ ಆಮೇಲೆ ಹನ್ನೊಂದು ವರ್ಷ ಆ ದರ ಅಲ್ಲಾಡಲಿಲ್ಲ. ಅಷ್ಟರಲ್ಲಿ ಖರೀದಿ ಹಲವು ಪಟ್ಟು ಬೆಳೆಯಿತು. 2016ರಲ್ಲಿ ಡ್ಯಾನಹರ್ ಎಂಬ ದೊಡ್ಡ ಕಂಪನಿ ಸೆಫೈಡನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡುಕೊಂಡಿತು. ಒಂದು ಕಾಟ್ರಿಡ್ಜ್ ತಯಾರಿಗೆ ತಗಲುವುದು ಐದು ಡಾಲರಿಗಿಂತ ಕಡಿಮೆ ಎಂದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಲೆಕ್ಕ ಹಾಕಿ ವರ್ಷಗಟ್ಟಲೆ ಕೂಗಾಡಿತು. 2023ರಲ್ಲಿ ಡ್ಯಾನಹರ್ 7.97ಕ್ಕೆ ಇಳಿಸಿತು. 2012ರ ಆ ಒಪ್ಪಂದದಲ್ಲೇ, ಖರೀದಿ ಇಷ್ಟು ಮುಟ್ಟಿದರೆ ದರ ಇಷ್ಟಕ್ಕೆ ಇಳಿಯಬೇಕು ಎಂಬ ಬಿಗಿ ಷರತ್ತು ಇದ್ದಿದ್ದರೆ ಬೀದಿಯ ಕೂಗಾಟ ಬೇಕಿರಲಿಲ್ಲ. ಬೋಮೆಯವರ ಪೀಳಿಗೆಯ ಆರೋಗ್ಯ ನಾಯಕತ್ವದ ಬಗ್ಗೆ ನನ್ನ ದೊಡ್ಡ ದೂರು ಇದೇ: ವಿಜ್ಞಾನದಲ್ಲಿ ತೋರಿದ ಹಟವನ್ನು ವ್ಯಾಪಾರದ ಕರಾರಿನಲ್ಲಿ ತೋರಲಿಲ್ಲ. ಕೋವಿಡ್ ಹೊತ್ತಿಗೆ ಆ ಹಟ ಬಂದಿತ್ತು ಎನ್ನಬೇಕು. 2020ರ ಸೆಪ್ಟೆಂಬರಿನಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ 12 ಕೋಟಿ ರ‍್ಯಾಪಿಡ್ ಟೆಸ್ಟುಗಳನ್ನು ಒಂದಕ್ಕೆ ಐದು ಡಾಲರ್ ಮೀರದಂತೆ ಒಪ್ಪಿಸಿದ್ದರಲ್ಲಿ ಫೈಂಡ್ ಕೈಯಿತ್ತು, ಆಗ ಬೋಮೆಯೇ ಅದರ ಮುಖ್ಯಸ್ಥೆ.

ಕೋವಿಡ್ ಎಂದಾಗ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲಿ ಕ್ಷಯಕ್ಕೆಂದು ತಂದ ಯಂತ್ರಗಳೇ ಆಗ ಕೋವಿಡ್ ಪರೀಕ್ಷೆಗೆ ಕೂತವು. 2019ರಲ್ಲಿ 24 ಲಕ್ಷವಿದ್ದ ಭಾರತದ ಕ್ಷಯ ನೋಂದಣಿ 2020ರಲ್ಲಿ 18 ಲಕ್ಷಕ್ಕೆ ಕುಸಿಯಿತು. ಲಾಕ್‌ಡೌನ್ ಮುಖ್ಯ ಕಾರಣ, ನಿಜ. ಆದರೂ ಯಂತ್ರ ಇನ್ನೊಂದು ರೋಗಕ್ಕೆ ಸುಲಭವಾಗಿ ತಿರುಗುತ್ತದೆ, ಜೊತೆಗೆ ಅದನ್ನು ನಡೆಸುವ ಲ್ಯಾಬ್ ಟೆಕ್ನಿಷಿಯನ್ ಕೂಡ.

ಆ ಯಂತ್ರಗಳಲ್ಲೊಂದು ನಮ್ಮದೇ ಮಣ್ಣಿನದು. ಟ್ರೂನ್ಯಾಟ್ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ, ಮಾರುಕಟ್ಟೆಗೆ ತಂದದ್ದು ಗೋವಾದ ಮೋಲ್‌ಬಯೋ. ಸಿಬಿನ್ಯಾಟ್‌ಗೆ ಕರೆಂಟು ಕೈಕೊಡಬಾರದು, ಕೋಣೆ ಕಾಯಬಾರದು. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಅದನ್ನು ನಡೆಸುವುದು ಕಷ್ಟ. ಟ್ರೂನ್ಯಾಟ್ ಬ್ಯಾಟರಿಯಲ್ಲಿ ಓಡುತ್ತದೆ. ಅದನ್ನು ಭಾರತ, ಇಥಿಯೋಪಿಯಾ, ಪೆರು, ಪಪುವಾ ನ್ಯೂಗಿನಿಗಳಲ್ಲಿ ಒರೆಗೆ ಹಚ್ಚಿದ್ದು ಫೈಂಡ್. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಜಿನೀವಾದ ಕುರ್ಚಿಗಳಿಗೆ ಬೆಲೆಯಿದೆ ಎಂದು ನಾನು ಹೇಳುವುದು ಇಂಥದ್ದಕ್ಕೆ. ಆ ಮುದ್ರೆ ಇಲ್ಲದೆ ಬೆಂಗಳೂರಿನ ಯಂತ್ರವನ್ನು ಪೆರುವಿನ ಸರ್ಕಾರ ಮುಟ್ಟುತ್ತಿರಲಿಲ್ಲ.

ಯಂತ್ರದ ಮಾತು ಸಾಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. 2800 ಕ್ಷಯರೋಗಿಗಳಿಗೆ ಔಷಧದ ಜೊತೆ ಪ್ರತಿ ತಿಂಗಳು ದಿನಸಿ ಕೊಟ್ಟರು. ಅವರಲ್ಲಿ ಅರ್ಧದಷ್ಟು ಕುಟುಂಬಗಳಲ್ಲಿ ಮನೆಯ ಉಳಿದವರಿಗೂ ಅಕ್ಕಿ, ಬೇಳೆ, ಪೋಷಕ ಮಾತ್ರೆ ಕೊಟ್ಟರು. ಅಂಥ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ರೋಗಿಗಳಲ್ಲಿ ಐವರಲ್ಲಿ ನಾಲ್ವರು ತೂಕ ಕಡಿಮೆಯಿದ್ದವರು, ಸುಮಾರು ಅರ್ಧದಷ್ಟು ಮಂದಿ ಎಲುಬು ಕಾಣುವಷ್ಟು ಸೊರಗಿದವರು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು.

ರೋಗಪತ್ತೆಯ ಬಗ್ಗೆ ಬರೆಯುತ್ತ ಊಟಕ್ಕೆ ಹೋದಿರಲ್ಲ ಎನ್ನಬಹುದು. ಊಟಕ್ಕೆ ಹೋಗಿಲ್ಲ, ತೂಕದ ಯಂತ್ರಕ್ಕೆ ಬಂದೆ. ಯಾರು ಬದುಕುತ್ತಾರೆ, ಯಾರು ಕೈಬಿಟ್ಟು ಹೋಗುತ್ತಾರೆ ಎಂದು ಹೇಳಬಲ್ಲ ಉಪಕರಣವನ್ನು ರೋಗಪತ್ತೆಯ ಸಾಧನ ಎನ್ನದೆ ಇನ್ನೇನೆನ್ನಬೇಕು? ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲೆಯಲ್ಲಿದೆ. ಅದಕ್ಕೆ ಕಾಟ್ರಿಡ್ಜ್ ಬೇಡ, ಯಾವ ಕಂಪನಿಗೂ ಅದರಲ್ಲಿ ಲಾಭವಿಲ್ಲ. ಬಹುಶಃ ಅದಕ್ಕೇ ಅದನ್ನು ನಾಲ್ಕು ದೇಶಗಳಲ್ಲಿ ಒರೆಗೆ ಹಚ್ಚಲು ಯಾರೂ ಓಡಾಡುವುದಿಲ್ಲ.

ಪಕ್ಕದ ತಮಿಳುನಾಡು ಓಡಾಡಿದೆ. 2022ರ ಏಪ್ರಿಲ್‌ನಿಂದ ಅಲ್ಲಿ ಕ್ಷಯ ಪತ್ತೆಯಾದ ವಯಸ್ಕರನ್ನು ಆ ದಿನವೇ ನಿಲ್ಲಿಸಿ ನೋಡುವ ಯೋಜನೆ ನಡೆದಿದೆ. ಎತ್ತರಕ್ಕೆ ತಕ್ಕ ತೂಕವಿದೆಯೇ, ಕಾಲು ಊದಿದೆಯೇ, ಉಸಿರು ಎಷ್ಟು ಸಲ, ರಕ್ತದಲ್ಲಿ ಆಮ್ಲಜನಕ ಎಷ್ಟು, ಯಾರ ಆಸರೆಯಿಲ್ಲದೆ ನಿಲ್ಲಬಲ್ಲರೇ. ಲ್ಯಾಬು ಬೇಕಿಲ್ಲ, ಆರೋಗ್ಯ ಸಿಬ್ಬಂದಿ ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ. ಅಪಾಯದಲ್ಲಿದ್ದವರನ್ನು ಕಳಿಸಿಬಿಡದೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಚಿಕಿತ್ಸೆಯ ಆರಂಭದಲ್ಲೇ ಆಗುತ್ತಿದ್ದ ಸಾವುಗಳು ಇಳಿದವು ಎಂದು ವರದಿಯಾಗಿದೆ. ಕೇಂದ್ರ ಸರ್ಕಾರ ಕ್ಷಯರೋಗಿಯ ಪೋಷಣೆಗೆ ಕೊಡುವ ಹಣವನ್ನು 2024ರ ನವೆಂಬರಿನಲ್ಲಿ ತಿಂಗಳಿಗೆ ₹500ರಿಂದ ₹1000ಕ್ಕೆ ಏರಿಸಿದೆ. ಆ ಹಣ ಊಟವಾಯಿತೇ ಎಂದು ತಿಳಿಯಲು ತೂಕದ ಯಂತ್ರವೇ ಬೇಕು. ದೆಹಲಿಯ ಪ್ರಾದೇಶಿಕ ಕಚೇರಿಗೆ ಜಿಲ್ಲೆಗಳಿಂದ ಇಷ್ಟು ಸಿಬಿನ್ಯಾಟ್, ಇಷ್ಟು ಟ್ರೂನ್ಯಾಟ್ ಎಂಬ ಅಂಕಿಗಳು ಬರುತ್ತಲೇ ಇರುತ್ತವೆ. ಎರಡು ತಿಂಗಳಲ್ಲಿ ಎಷ್ಟು ರೋಗಿಗಳ ತೂಕ ಏರಿತು ಎಂಬ ಒಂದು ಅಂಕಣವನ್ನೂ ಅದೇ ಕಡತಕ್ಕೆ ಸೇರಿಸಿ ಎಂದು ಕೇಳುವ ಅಧಿಕಾರ ಆ ಕಚೇರಿಯಲ್ಲಿ ಕೂತ ವೈದ್ಯರಿಗಿದೆ.